ನೀರಿನ ಜಾಡು ಹಿಡಿಯುವ ಚಿಕ್ಕಬೈರಪ್ಪ

ಬೆಳಗಿನ ಐದೂಮುಕ್ಕಾಲು. ಕುಮಾರಸ್ವಾಮಿ ಲೇಔಟ್‌ನ ಮನೆಯೊಂದರ ಕಾರ್ ಶೆಡ್ಡಿನಲ್ಲಿ ಚಿಕ್ಕಬೈರಪ್ಪ ಮಂಡಿಯೂರಿ ನೆಲ ಸವರುತ್ತಿದ್ದಾರೆ. ಇಪ್ಪತ್ತೆರಡು ವರ್ಷದ ಬಿಳಿ ಕಾರಿನಡಿ ನಿನ್ನೆ ಹಾಸಿದ್ದ ಪೇಪರ್ ಹಪ್ಪಳದಂತೆ ಒಣಗಿದೆ. ಅವರು ಬಾನೆಟ್ ಎತ್ತಿ, ರೇಡಿಯೇಟರ್ ಮುಚ್ಚಳ ತೆಗೆದು ಟಾರ್ಚ್ ಬಿಡುತ್ತಾರೆ. ಅವರ ಬಗ್ಗೆ ಬರೆಯಲು ಜೊತೆಗೆ ಬಂದಿರುವ ನನ್ನ ಕಣ್ಣೆದುರೇ ನಿನ್ನೆ ತುಂಬಿಸಿದ್ದ ನೀರು ಇಳಿದಿದೆ. ಒಂದು ತೊಟ್ಟೂ ಹೊರಗೆ ಬಿದ್ದಿಲ್ಲ.

ಮನೆಯೊಡತಿ ಉಮಾಮಹೇಶ್ವರಿ ಸ್ಟೀಲ್ ಲೋಟದಲ್ಲಿ ಅಳೆದು ನೀರು ಹಾಕುತ್ತಾರೆ. "ನೋಡಿ, ಎರಡು ಲೋಟ. ದಿನಾ ಎರಡೇ."

ಆ ಲೋಟ ಅವರ ಗಂಡ ಗೌರೀಶಂಕರ ಅವರದು. ಕಿಡ್ನಿ ಕೈಕೊಟ್ಟಾಗ ಡಾಕ್ಟರು ನೀರಿಗೆ ಮಿತಿ ಹಾಕಿದ್ದರು. ಈಕೆ ಅದರಲ್ಲೇ ಅಳೆದು ಕೊಡುತ್ತಿದ್ದರು. ಹೋದ ವರ್ಷ, ತೀರಿಕೊಂಡ ದಿನ, ಗಂಡ ಇನ್ನೆರಡು ಲೋಟ ಕೇಳಿದ್ದರು. ಈಕೆ ಕೊಡಲಿಲ್ಲ.

"ಅವ್ರೇ ಬಂದು ಕುಡೀತಿದಾರೆ ಅನ್ಸುತ್ತೆ ಬೈರಪ್ಪನೋರೆ. ಅಲ್ಲ ಅನ್ನೋದಾದ್ರೆ ನೀರು ಎಲ್ಲಿಗೆ ಹೋಗುತ್ತೆ ತೋರ್ಸಿ. ತಿಂಗಳಿಂದ ನಿದ್ದೆ ಇಲ್ಲ ನಂಗೆ."

ಪುಟ್ಟೇನಹಳ್ಳಿಯ ಈ ಅರವತ್ತೆರಡರ ಮೆಕ್ಯಾನಿಕ್‌ನ ಹೆಸರು ಯಾವ ಬೋರ್ಡಿನ ಮೇಲೂ ಇಲ್ಲ. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲ ಸೈಟುಗಳಾಯಿತು, ಇವರು ಸ್ಪ್ಯಾನರ್ ಹಿಡಿದರು. ಮೂವತ್ತೆಂಟು ವರ್ಷದಿಂದ ಕಾದು ಕುದಿಯುವ ಹಳೇ ಇಂಜಿನ್‌ಗಳದ್ದೇ ಸಹವಾಸ. ದಿನಕ್ಕೆ ಮೂರೇ ಕಾರು, ಅದೂ ಬೆಳಗಿನ ಹೊತ್ತು ಮಾತ್ರ. ಒಮ್ಮೆ ಅವಸರದಲ್ಲಿ ಬಿಸಿ ಮುಚ್ಚಳ ತೆಗೆದು ಸುಟ್ಟುಕೊಂಡ ಗುರುತು ಮೊಣಕೈವರೆಗೂ ಇದೆ.

"ಬಿಸಿ ಇಂಜಿನ್ ಸಿಟ್ಟಲ್ಲಿರುತ್ತೆ ಸಾರ್, ನಿಜ ಹೇಳಲ್ಲ. ತಣ್ಣಗಾದ್ಮೇಲೆ ಕೇಳ್ಬೇಕು," ಎನ್ನುತ್ತಾರೆ.

ಕೇಳುವುದೂ ಹಾಗೇ, ಮೆಲ್ಲಗೆ. ರೇಡಿಯೇಟರ್ ಬಾಯಿಗೆ ಕೈಪಂಪು ಕೂರಿಸಿ ಒತ್ತಡ ಕೊಡುತ್ತಾರೆ. ಮೀಟರಿನ ಮುಳ್ಳು ಸದ್ದಿಲ್ಲದೆ ಇಳಿಯುತ್ತದೆ, ಹೊರಗೆಲ್ಲೂ ಪಸೆಯಿಲ್ಲ. ಆಮೇಲೆ ಇಂಜಿನ್ನಿನ ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ ಪೇಪರ್ ಮೇಲೆ ಸಾಲಾಗಿ ಇಡುತ್ತಾರೆ. ಮೂರು ಕರ್ರಗಿವೆ. ನಾಲ್ಕನೆಯದು ಯಾರೋ ಹುಣಸೆಹಣ್ಣು ಹಾಕಿ ತಿಕ್ಕಿಟ್ಟಂತೆ ಹೊಳೆಯುತ್ತಿದೆ. ಅದನ್ನು ನೋಡಿ ನಾನು ಒಂದು ಹೆಜ್ಜೆ ಹಿಂದೆ ಸರಿದದ್ದು ನಿಜ.

"ಹಬೆ ತೊಳೆದಿರೋದು ಅಮ್ಮ. ಇಂಜಿನ್ ಒಳಗೆ ಗ್ಯಾಸ್ಕೆಟ್ ಅಂತ ನೀರು ತಡೆಯೋ ಒಂದು ಹಾಳೆ ಇರುತ್ತೆ, ಅದು ಸುಟ್ಟಿದೆ. ನೀವು ದಿನಾ ಸಂಜೆ ಸ್ಟಾರ್ಟ್ ಮಾಡಿ ನಿಲ್ಲಿಸ್ತೀರಲ್ಲ, ಆ ಬಿಸಿಗೆ ನೀರು ಒಳಗೇ ಜಾರುತ್ತೆ. ಮಾರನೇ ಸಂಜೆ ಬಿಳಿ ಹೊಗೆಯಾಗಿ ಹೋಗುತ್ತೆ."

ದಿನಾ ಸಂಜೆ ಏಳಕ್ಕೆ ಹತ್ತು ನಿಮಿಷ ಇಂಜಿನ್ ಓಡಿಸುವುದು ಗಂಡನ ರೂಢಿ. ಅದನ್ನು ಈಕೆ ಒಂದು ದಿನವೂ ತಪ್ಪಿಸಿಲ್ಲ. ಈಗ ನಿರಾಳವಾಗುತ್ತಾರೆ ಅಂದುಕೊಂಡರೆ ಅವರ ಮುಖ ಇನ್ನಷ್ಟು ಬಾಡುತ್ತದೆ.

"ಹಾಗಾದ್ರೆ... ಅವ್ರು ಕುಡೀಲೇ ಇಲ್ವಾ?"

ಬೈರಪ್ಪ ಕೈ ಒರೆಸಿಕೊಳ್ಳುತ್ತಾರೆ. "ನಂಗೆ ಕಾರಿನದು ಮಾತ್ರ ಗೊತ್ತಮ್ಮ," ಎನ್ನುತ್ತಾರೆ.

ಗ್ಯಾಸ್ಕೆಟ್ ಬದಲಾಗುತ್ತದೆ. ರಿಪೇರಿಯ ನಂತರವೂ ಮೂರು ದಿನ ಸಂಜೆ ತಾವೇ ಶೆಡ್ಡಿಗೆ ಬೀಗ ಹಾಕಿ, ಬೆಳಗ್ಗೆ ಬಂದು ನೋಡುವುದು ಬೈರಪ್ಪನವರ ನೇಮ. ಮೂರನೇ ಬೆಳಗ್ಗೆ ನಾನೂ ಜೊತೆಗಿದ್ದೇನೆ. ಶೆಡ್ಡಿನ ಬೀಗ ಅವರೇ ತೆಗೆಯುತ್ತಾರೆ, ಇರುವ ಒಂದೇ ಕೀಲಿ ಅವರ ಬಳಿಯಿದೆ. ರೇಡಿಯೇಟರ್‌ನಲ್ಲಿ ನೀರು ಕಂಠದವರೆಗೆ ನಿಂತಿದೆ.

ಬಾನೆಟ್ ಪಕ್ಕದ ಕಟ್ಟೆಯ ಮೇಲೆ ಎರಡು ಸ್ಟೀಲ್ ಲೋಟಗಳಿವೆ. ಎರಡೂ ಖಾಲಿ.

"ನಿನ್ನೆ ಸಂಜೆ ಅಮ್ಮ ಯಜಮಾನ್ರಿಗೆ ಅಂತ ನನ್ನೆದುರೇ ತುಂಬಿಟ್ರು ಸಾರ್. ಬೀಗ ಹಾಕಿದ್ದು ನಾನೇ."

ನಾನು ಬೆಕ್ಕಿನ ಹೆಜ್ಜೆ, ಗೋಡೆಯ ಸಂದು, ಒದ್ದೆ ನೆಲ ಏನಾದರೂ ಕಂಡೀತೇ ಎಂದು ಹುಡುಕುತ್ತೇನೆ. ಏನೂ ಇಲ್ಲ. ಟಾರ್ಚ್ ಕೊಡಿ ಎಂದರೆ ಬೈರಪ್ಪ ಅದನ್ನು ಆರಿಸಿ ಜೇಬಿಗಿಡುತ್ತಾರೆ. ನಲ್ಲಿ ತಿರುಗಿಸಿ, ಎರಡೂ ಲೋಟ ತುಂಬಿ, ಅದೇ ಜಾಗದಲ್ಲಿ ಇಡುತ್ತಾರೆ. ನಾನು ಮನೆಯ ಬೆಲ್‌ ಕಡೆ ಹೋಗುವಾಗ ತೋಳು ಹಿಡಿಯುತ್ತಾರೆ.

"ಬೇಡ ಸಾರ್. ಕಾರಲ್ಲಿ ನೀರು ನಿಂತಿದೆ, ನನ್ನ ಕೆಲಸ ಅಷ್ಟೇ. ಅಮ್ಮ ಇನ್ನೂ ಎದ್ದಿಲ್ಲ. ನಿದ್ದೆ ಮಾಡ್ಲಿ ಬಿಡಿ."