ಸಗಣಿ ಮೇಲಿನ ಅಣಬೆ

ಎಪ್ಪತ್ತರ ದಶಕದ ನಡುವಿನ ಮಾತು. ಆಗ ನಾನು ಚಿತ್ರದುರ್ಗದಿಂದ ಪತ್ರಿಕೆಯೊಂದಕ್ಕೆ ಜಿಲ್ಲೆಯ ಸುದ್ದಿ ಕಳಿಸುತ್ತಿದ್ದೆ. ವಿಶ್ವವಿದ್ಯಾಲಯದ ಅಧ್ಯಾಪಕರೊಬ್ಬರು ಒಂದು ಜಾತಿಯ ಅಣಬೆ ಹುಡುಕುತ್ತ ಹಿರಿಯೂರು ತಾಲ್ಲೂಕು ಸುತ್ತುತ್ತಿದ್ದಾರೆಂದು ತಿಳಿದು, ಅವರ ಜೊತೆ ಧರ್ಮಪುರದ ಬಸ್ಸು ಹತ್ತಿದೆ. ಸಗಣಿಯ ಮೇಲೆ ಏಳುವ ಆ ಅಣಬೆ ತಿಂದರೆ ಇಲ್ಲದ್ದು ಕಾಣುತ್ತದೆ. ಆ ಹೊತ್ತಿನಲ್ಲಿ ಮಿದುಳಿನೊಳಗೆ ಏನಾಗುತ್ತದೆ ಎಂಬುದು ಅವರ ಸಂಶೋಧನೆ.

ತಿಂದವನೊಬ್ಬ ಧರ್ಮಪುರದಾಚೆಯ ಹಳ್ಳಿಯಲ್ಲಿ ಸಿಕ್ಕ. ಕುರಿ ಕಾಯುವವನು, ವಯಸ್ಸು ನಲವತ್ತರ ಆಸುಪಾಸು. ಹುತ್ತದ ಮೇಲಿನ ಅಣಬೆ ಕಿತ್ತು ಸುಟ್ಟು ತಿನ್ನುವುದು ಆ ಕಡೆಯ ಕುರಿಗಾಹಿಗಳ ವಾಡಿಕೆ. ಮಳೆ ಬಿದ್ದ ಮಾರನೆಯ ದಿನ ಈತ ಹುತ್ತದವರೆಗೆ ನಡೆಯಲು ಬೇಸರಪಟ್ಟು, ಕೆರೆಯಂಗಳದ ಎಮ್ಮೆ ಸಗಣಿಯ ಮೇಲಿದ್ದುದನ್ನೇ ಕಿತ್ತಿದ್ದ. ಮಧ್ಯಾಹ್ನವೆಲ್ಲ ಕಲ್ಲುಗಳ ಜೊತೆ ಮಾತಾಡಿ ನಕ್ಕಿದ್ದ. ಕುರಿಗಳು ಯಾರದೋ ಶೇಂಗಾ ಹೊಲ ಹೊಕ್ಕಿದ್ದವು. ಸಂಜೆಗೆ ಸರಿಹೋದ. ಆದರೆ ಅವನ ಅಣ್ಣ ಅಂದೇ ಕೋಲು ಕಿತ್ತುಕೊಂಡು, ಮಂದೆಯನ್ನು ತನ್ನ ಅಳಿಯನಿಗೆ ಒಪ್ಪಿಸಿದ. ನಾವು ಹೋದಾಗ ಎರಡು ತಿಂಗಳಾಗಿತ್ತು. ಅವನು ಜಗಲಿಯಲ್ಲಿ ಹಗ್ಗ ಹೊಸೆಯುತ್ತಿದ್ದ.

"ಕುಂತ್ಕಳ್ರಿ," ಎಂದ ಅಣ್ಣ. "ಅವನ್ನೇನ್ ಕೇಳ್ತೀರಿ, ತಲೆ ಕೆಟ್ಟೈತೆ."

"ತಲೆ ಕೆಟ್ಟಿಲ್ಲ. ಅದು ಅಣಬೆ ಗುಣ. ಒಂದು ಹೊತ್ತಿದ್ದು ಇಳಿದುಹೋಗುತ್ತೆ," ಎಂದರು ಅಧ್ಯಾಪಕರು.

"ನಿಮಗೆಂಗೆ ಗೊತ್ತು? ತಿಂದು ನೋಡೀರಾ?"

ಅಧ್ಯಾಪಕರು ನನ್ನ ಕಡೆ ಒಮ್ಮೆ ನೋಡಿದರು. "ನೋಡಿದೀನಿ."

ಹಗ್ಗ ಕೆಳಗಿಟ್ಟು ಕುರಿಗಾಹಿ ಮುಂದೆ ಬಗ್ಗಿದ. "ನಿಮ್ಗೂ ಕಲ್ಲು ಉಸ್ರಾಡಿದ್ವಾ ಸಾಮಿ?"

"ಅಲ್ಲಿ ಕಲ್ಲಿರಲಿಲ್ಲ. ಗೋಡೆ ಉಸಿರಾಡ್ತು. ನಾನು ಕೂತು ಅತ್ತೆ."

"ನಾನು ನಕ್ಕೆ," ಎಂದ ಅವನು, ತುಸು ಹೆಮ್ಮೆಯಿಂದಲೇ.

ಅಣ್ಣನಿಗೆ ನಗು ತಡೆಯಲಾಗಲಿಲ್ಲ. "ಗೋಡೆ ಉಸ್ರಾಡ್ತು ಅಂಬೋರನ್ನ ಪಾಠ ಹೇಳಾಕೆ ಬಿಟ್ಟವ್ರಾ?"

"ಮಾರನೇ ದಿನಾನೇ ಪಾಠ ಹೇಳಿದೆ. ಯಾರೂ ತಡೀಲಿಲ್ಲ."

ಅಣ್ಣ ಒಂದು ಬೀಡಿ ಹಚ್ಚಿ ಸೇದಿ ಮುಗಿಸಿದ. ಆಮೇಲೆ ತಮ್ಮನತ್ತ ತಿರುಗಿದ. "ಲೇ, ನಾಳೆಯಿಂದ ಮಂದೆ ನೀನೇ ಹೊಡ್ಕಂಡ್ ಹೋಗು. ಅಣಬೆ ಕಂಡ್ರೆ ಮಾತ್ರ ಕಣ್ ಮುಚ್ಕ."

ಬಸ್ಸಿಗೆ ನಡೆಯುವಾಗ ಅಧ್ಯಾಪಕರು, ತಾವು ತಿಂದ ಮಾತು ಪತ್ರಿಕೆಗೆ ಬೇಡ ಎಂದರು. ವಿಶ್ವವಿದ್ಯಾಲಯಕ್ಕೆ ಅದು ಗೊತ್ತಿರಲಿಲ್ಲವಂತೆ. ನಾನು ಬರೆಯಲಿಲ್ಲ.

ಕುರಿಗಾಹಿ ಮಾತ್ರ ನಾಳೆಯವರೆಗೆ ಕಾದಿರಲಿಲ್ಲ. ಊರ ಹೊರಗೆ, ಅಣ್ಣನ ಅಳಿಯ ಮಂದೆ ತರುವ ದಾರಿಗೆ ಅಡ್ಡ ನಿಂತು, ಕೋಲಿಗಾಗಿ ಕೈ ಚಾಚಿದ್ದ.