ಹೆಪ್ಪು ಕೊಟ್ಟ ಕೈ

ಅವರ ಬಲಗೈಯ ಎರಡು ಬೆರಳುಗಳ ತುದಿಗಳು ಬೆಳ್ಳಗಿದ್ದವು. ಮೊದಲ ಸಲ ನೋಡಿದಾಗ, ಮೊಸರು ಕಲಸಿದ ಕೈಯನ್ನು ತೊಳೆಯದೆ ಹಾಗೆಯೇ ಬಾಗಿಲಿಗೆ ಬಂದಿದ್ದಾರೆ ಎಂದುಕೊಂಡೆ. ಅದು ತೊನ್ನು. ಅದನ್ನು ಅವರು ಸೆರಗಿನಲ್ಲಿ ಮುಚ್ಚಿಕೊಂಡದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ.

ನಾನು ಮದುವೆಯಾಗಿ ಮೈಸೂರಿನಿಂದ ಮದರಾಸಿಗೆ ಬಂದದ್ದು ಐವತ್ತರ ದಶಕದ ನಡುವಿನಲ್ಲಿ. ಗಂಡನಿಗೆ ರೈಲ್ವೆಯಲ್ಲಿ ಕೆಲಸ, ಮನೆ ಮೈಲಾಪುರದ ಒಂದು ವಠಾರದಲ್ಲಿ. ಬಾಡಿಗೆಗಿದ್ದವರೆಲ್ಲ ಕನ್ನಡದವರೇ, ಹೋಟೆಲಿನವರು, ಬ್ಯಾಂಕಿನವರು, ವಿಮೆ ಆಫೀಸಿನವರು. ಆ ಊರಿನ ಸೆಕೆಗೆ ನಾನು ಹಾಕಿದ ಮೊಸರೆಲ್ಲ ಹುಳಿ ಬಂದು ನೊರೆಯೇಳುತ್ತಿತ್ತು. ಒಂದು ಸಂಜೆ ಬಟ್ಟಲು ಹಿಡಿದು ಕೊನೆಯ ಮನೆಯ ಮುಂದೆ ನಿಂತೆ. ದೀಪ ಹಚ್ಚಿ ಆಗಿತ್ತು. ಆ ಹೊತ್ತಿನಲ್ಲಿ ಮೊಸರು, ಉಪ್ಪು ಯಾರೂ ಕೊಡುವುದಿಲ್ಲವೆಂದು ಗೊತ್ತಿದ್ದೂ ನಾಚಿಕೆ ಬಿಟ್ಟು ಹೆಪ್ಪು ಕೇಳಿದೆ.

"ದೀಪ ಹಚ್ಚಿದ ಮೇಲೆ ಕೊಟ್ರೆ ಲಕ್ಷ್ಮಿ ಹೊರಟು ಹೋಗ್ತಾಳಂತೆ," ಎಂದರು. "ನನ್ನ ಮನೆಗೆ ಅವಳು ಬಂದದ್ದು ಯಾವಾಗ ಮಾರಾಯ್ತಿ, ಹೋಗ್ಲಿಕ್ಕೆ? ಬಟ್ಟಲು ಕೊಡು ಇಲ್ಲಿ."

ಅಂದಿನಿಂದ ಅವರು ನನಗೆ ದೊಡ್ಡಮ್ಮ. ವಠಾರಕ್ಕೆಲ್ಲ ಹೆಪ್ಪಿನ ದೊಡ್ಡಮ್ಮ. ಉಡುಪಿ ಕಡೆಯವರು. ಗಂಡ ಹೋಟೆಲಿನಲ್ಲಿ ಅಡುಗೆಯವರಾಗಿದ್ದು ತೀರಿಕೊಂಡಿದ್ದರು. ಅದೇ ಹೋಟೆಲಿನಲ್ಲಿ ಬಡಿಸುತ್ತಿದ್ದ ತಮ್ಮನ ಜೊತೆ ಇದ್ದರು. ಬೇಸಿಗೆಯ ರಜೆಗೆ ನಾವೆಲ್ಲ ಊರಿಗೆ ಹೋದರೆ ಅವರೊಬ್ಬರೇ ಉಳಿದು, ದಿನಾ ಒಂದು ಲೋಟ ಹಾಲಿಗೆ ಹೆಪ್ಪು ಹಾಕಿ ಅದು ಸಾಯದಂತೆ ಕಾಯುತ್ತಿದ್ದರು. ಜೂನಿನಲ್ಲಿ ವಾಪಸು ಬಂದವರು ಪೆಟ್ಟಿಗೆ ಬಿಚ್ಚುವ ಮೊದಲು ಅವರ ಬಾಗಿಲಿಗೆ ಬಟ್ಟಲು ಹಿಡಿದು ಹೋಗಬೇಕು. ಹೋದವರು ಸುಮ್ಮನೆ ಬರುವುದುಂಟೇ? ಊರಿನಲ್ಲಿ ಯಾರು ಹೆತ್ತರು, ಯಾರು ಸತ್ತರು ಎಲ್ಲವನ್ನೂ ಅಲ್ಲಿ ಕುಳಿತು ಹೇಳಿಯೇ ಏಳುವುದು.

"ನಾನೆಂತಕ್ಕೆ ಊರಿಗೆ ಹೋಗ್ಬೇಕು?" ಎನ್ನುತ್ತಿದ್ದರು. "ಊರೇ ಬಟ್ಟಲು ಹಿಡ್ಕೊಂಡು ಬರ್ತದಲ್ಲ."

ಆ ಬಾಗಿಲಿಗೆ ಕಲ್ಲು ಹಾಕಿದವಳು ವಠಾರಕ್ಕೆ ಹೊಸದಾಗಿ ಬಂದ ವಿಮೆ ಆಫೀಸಿನವರ ಹೆಂಡತಿ. ಒಂದು ಬೆಳಿಗ್ಗೆ ಕೊಳಾಯಿಯ ಹತ್ತಿರ ಕೇಳಿದಳು: "ಏನ್ರೀ, ಆ ಕೈಲಿ ಕೊಟ್ಟ ಹೆಪ್ಪಿನ ಮೊಸರನ್ನ ಮಕ್ಕಳಿಗೆ ಹಾಕ್ತೀರಲ್ಲ! ಅದು ತೊನ್ನೋ, ಬೇರೆ ಏನಾದ್ರೂನೋ, ಕಂಡೋರ್ಯಾರು?"

ಕೊಳಾಯಿಯ ಹತ್ತಿರ ಅದು ಬರೀ ಪ್ರಶ್ನೆ. ಮಹಡಿ ಹತ್ತುವಾಗ 'ಅಂತೆ' ಸೇರಿಕೊಂಡಿತು. ಹೆಂಗಸರು ಶುಕ್ರವಾರ ದೇವಸ್ಥಾನಕ್ಕೆ ಹೋಗಿ ಬರುವಷ್ಟರಲ್ಲಿ ಕುಷ್ಠವಾಯಿತು. ಅದೇ ಸುದ್ದಿ ಸುತ್ತಿ ಬಳಸಿ ನನ್ನ ಬಾಗಿಲಿಗೆ ಬಂದಾಗ ದೊಡ್ಡಮ್ಮನ ಒಂದು ಬೆರಳು ಉದುರಿಯೇ ಹೋಗಿತ್ತು! ಆ ಬೆಳಿಗ್ಗೆ ತಾನೇ ಅವರು ಐದೂ ಬೆರಳಿನಲ್ಲಿ ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದುದನ್ನು ನೋಡಿದ್ದೆ.

ಮೈ ಉರಿಯಿತು. ಈಗಲೂ ಉರಿಯುತ್ತದೆ. ಕುಷ್ಠವೇ ಆಗಿದ್ದರೂ ಮನುಷ್ಯರನ್ನು ನಡೆಸಿಕೊಳ್ಳುವ ರೀತಿಯೇ ಅದು? ನನ್ನ ಗಂಡ ರೈಲ್ವೆ ಡಾಕ್ಟರರನ್ನು ವಿಚಾರಿಸಿ ಬಂದರು. ತೊನ್ನು ಅಂಟುರೋಗವೇ ಅಲ್ಲವೆಂದು ಡಾಕ್ಟರು ಹೇಳಿದ್ದರು. ಅದನ್ನು ಕೊಳಾಯಿಯ ಹತ್ತಿರ ಗಂಟಲು ಹರಿಯುವ ಹಾಗೆ ಸಾರಿದೆ. "ಹೌದಾ?" ಎಂದರು, ಕೊಡ ತುಂಬಿಸಿಕೊಂಡರು, ಹೋದರು. ಮಹಡಿಯವರೆಗೂ ಆ ಮಾತು ಹೋಗಲಿಲ್ಲ. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗುತ್ತದೆಯೇ?

ಆ ವರ್ಷ ಜೂನಿನಲ್ಲಿ ದೊಡ್ಡಮ್ಮ ಎಂದಿನಂತೆ ದೊಡ್ಡ ಪಾತ್ರೆಯಲ್ಲೇ ಮೊಸರು ಮಾಡಿಟ್ಟು ಬಾಗಿಲು ತೆರೆದು ಕುಳಿತಿದ್ದರು. ವಠಾರದಿಂದ ಹೋದದ್ದು ನನ್ನ ಬಟ್ಟಲು ಒಂದೇ.

ಉಳಿದವರು ಏನು ಮಾಡಿದರು? ವಿಮೆಯವರ ಹೆಂಡತಿ ಹಿಂದಿನ ಬೀದಿಯ ತಮಿಳು ಮಾಮಿಯ ಮನೆಯಿಂದ ಹೆಪ್ಪು ತಂದಳು. ಅವಳಿಂದ ಪಕ್ಕದ ಮನೆಗೆ, ಅಲ್ಲಿಂದ ಮಹಡಿಗೆ, ನಾಲ್ಕು ದಿನದಲ್ಲಿ ಎಲ್ಲರ ಮನೆಗೂ. "ಮಾಮಿ ತುಂಬಾ ಮಡಿ ಕಣ್ರೀ, ಮೊಸರು ಎಷ್ಟು ಗಟ್ಟಿ ನೋಡಿ," ಎಂದು ನನ್ನ ಎದುರಿಗೇ ಹೊಗಳಿಕೊಂಡರು. ನನಗೆ ನಗು ತಡೆಯಲಾಗಲಿಲ್ಲ. ಆ ಮಾಮಿ ಪ್ರತಿ ವರ್ಷ ಕುಂಭಕೋಣದಿಂದ ನಮಗಿಂತ ಮೊದಲೇ ಬಂದು, ಹೆಪ್ಪು ಒಯ್ಯುತ್ತಿದ್ದದ್ದು ದೊಡ್ಡಮ್ಮನ ಮನೆಯಿಂದಲೇ! ಈ ವರ್ಷವೂ ಒಯ್ದಿದ್ದರು. ಸುದ್ದಿ ಹಬ್ಬಿದ್ದು ಕನ್ನಡದಲ್ಲಿ. ಮಾಮಿಗೆ ಕನ್ನಡ ಬರುತ್ತಿರಲಿಲ್ಲ.

ಕೊನೆಯ ಮನೆಗೆ ಓಡಿದೆ. "ದೊಡ್ಡಮ್ಮ, ನಾಳೆ ಕೊಳಾಯಿ ಹತ್ರ ಎಲ್ಲರ ಮುಂದೆ ಹೇಳಿಬಿಡ್ತೀನಿ. ಮುಖ ಎಲ್ಲಿಟ್ಕೋತಾರೋ ನೋಡೋಣ!"

ಅವರಿಗೆ ಆಗಲೇ ಗೊತ್ತಿತ್ತು. "ಹೇಳಿದ್ರೆ ಚೆಲ್ತಾರೆ," ಎಂದರು. "ಮಕ್ಕಳು ಉಣ್ಣುವ ಮೊಸರು ಅದು. ನಾನಿರುವವರೆಗೆ ನೀನು ಬಾಯಿ ಮುಚ್ಕೊಂಡಿರು."

"ಮತ್ತೆ ನೀವು?"

"ನೀನು ಬರ್ತಿಯಲ್ಲ." ನಾನು ಹೊರಟಾಗ ಹೇಳಿದರು: "ಹೋಗುವಾಗ ಬಾಗಿಲು ಎಳೀಬೇಡ. ತೆರೆದೇ ಇರ್ಲಿ."

ಆ ಬಾಗಿಲು ವರ್ಷಗಟ್ಟಲೆ ತೆರೆದೇ ಇತ್ತು. ಯಾರೂ ಬರಲಿಲ್ಲ. ಅವರ ಆ ತಾಳ್ಮೆಯ ಮೇಲೂ ನನಗೆ ಸಿಟ್ಟಿದೆ.

ಅರವತ್ತರ ದಶಕದಲ್ಲಿ ವಠಾರ ಒಡೆಯಿತು. ಒಬ್ಬರು ಕ್ರೋಂಪೇಟೆಗೆ, ಒಬ್ಬರು ಪೆರಂಬೂರಿಗೆ, ವರ್ಗವಾದವರು ಬೊಂಬಾಯಿಗೆ ಹೋದರು. ಹೋಗುವಾಗ ಎಲ್ಲರೂ 'ಮಾಮಿಯ ಹೆಪ್ಪು' ಕಟ್ಟಿಕೊಂಡೇ ಹೋದರು. ದೊಡ್ಡಮ್ಮ ತೀರಿಕೊಂಡ ದಿನ ನನ್ನ ಕೈಲಾದಷ್ಟು ಮನೆಗಳಿಗೆ ಹೇಳಿ ಕಳುಹಿಸಿದೆ. ಬೆರಳು ಉದುರಿತೆಂಬ ಸುಳ್ಳನ್ನು ವಾರದಲ್ಲಿ ಮೈಲಾಪುರವೆಲ್ಲ ಸುತ್ತಿಸಿದ ಜನಕ್ಕೆ ಈ ಸುದ್ದಿಯನ್ನು ಪಕ್ಕದ ಮನೆಗೆ ಮುಟ್ಟಿಸಲೂ ಆಗಲಿಲ್ಲ. ಬಂದವರು ತಮ್ಮನ ಹೋಟೆಲಿನವರು, ನಾವಿಬ್ಬರು, ಆ ಮಾಮಿ. ಮಾಮಿ ಆ ಬಿಳಿ ಬೆರಳುಗಳನ್ನು ಹಿಡಿದುಕೊಂಡು ಬಹಳ ಹೊತ್ತು ಅತ್ತರು.

ಅವರ ಹೆಪ್ಪು ಇಂದಿಗೂ ನನ್ನ ಮನೆಯಲ್ಲಿದೆ, ಸಾಯಲು ಬಿಟ್ಟಿಲ್ಲ. ಯಾರು ಕೇಳಿದರೂ ಕೊಡುತ್ತೇನೆ, ದೀಪ ಹಚ್ಚಿದ ಮೇಲೂ. ಆದರೆ ಬಾಯಿ ಮುಚ್ಚಿಕೊಂಡಿರಬೇಕಾದದ್ದು ಅವರಿರುವವರೆಗೆ ಮಾತ್ರ. ಆದ್ದರಿಂದ ಮೊದಲು ಹೇಳುತ್ತೇನೆ: "ಇದು ತೊನ್ನಿದ್ದ ಕೈ ಕೊಟ್ಟ ಹೆಪ್ಪು. ಬೇಕಾದರೆ ಬಟ್ಟಲು ಹಿಡಿ." ಬಟ್ಟಲು ಹಿಂದಕ್ಕೆ ಎಳೆದುಕೊಂಡವರೂ ಇದ್ದಾರೆ. ಎಳೆದುಕೊಳ್ಳಲಿ. ಹೇಳದೆ ಒಂದು ಚಮಚವನ್ನೂ ಕೊಡುವುದಿಲ್ಲ.