ಟೇಪಿನಲ್ಲಿದ್ದ ದನಿ

ಮೊನ್ನೆ ಇಂದಿರಾನಗರದ ಒಂದು ಪ್ರದರ್ಶನದಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಪುಟ್ಟ ಕಪ್ಪು ಕಂಪ್ಯೂಟರ್ ಕಂಡಿತು. ರಬ್ಬರಿನ ಕೀಲಿಗಳು. ಎಂಬತ್ತರ ದಶಕದಲ್ಲಿ ಮನೆಬಳಕೆಗೆಂದು ಇಂಗ್ಲೆಂಡಿನಲ್ಲಿ ತಯಾರಾದದ್ದು, ಟೀವಿಗೆ ಜೋಡಿಸಬೇಕು, ಪ್ರೋಗ್ರಾಂಗಳನ್ನು ಮಾಮೂಲಿ ಕ್ಯಾಸೆಟ್ಟಿನಲ್ಲಿ ತುಂಬಿಡಬೇಕು ಎಂದು ಚೀಟಿಯಲ್ಲಿ ಬರೆದಿತ್ತು. ನಾನು ಅಲ್ಲೇ ನಿಂತುಬಿಟ್ಟೆ...

ಕಾಕ್ಸ್ ಟೌನಿನ ನಮ್ಮ ಪಕ್ಕದ ಮನೆಯಲ್ಲಿದ್ದ ಗಣಿತದ ಟೀಚರ್ ಬಳಿ ಅಂಥದ್ದೇ ಒಂದಿತ್ತು. ಅವರ ಯಜಮಾನರು ಟ್ರೇನಿಂಗಿಗೆಂದು ಇಂಗ್ಲೆಂಡಿಗೆ ಹೋದಾಗ ತಂದದ್ದು. ತಂದ ಕೆಲವೇ ವರ್ಷಗಳಲ್ಲಿ ಅವರು ತೀರಿಕೊಂಡರು. ತೊಂಬತ್ತರ ದಶಕದ ನಡುವೆ ಆಫೀಸುಗಳಿಗೆಲ್ಲ ಹೊಸ ಕಂಪ್ಯೂಟರ್‌ಗಳು ಬರುತ್ತಿದ್ದವು. ಟೀಚರ್ ಮಾತ್ರ ಶನಿವಾರಗಳಂದು ಅದರಲ್ಲೇ ನನಗೆ ಪ್ರೋಗ್ರಾಂ ಬರೆಯಲು ಕಲಿಸಿದರು. ಆಗ ನಾನು ಒಂಬತ್ತನೇ ಕ್ಲಾಸು.

ಪ್ರೋಗ್ರಾಂ ತುಂಬಿದ ಟೇಪು ಕೇಳಿದರೆ ಬರೀ ಕಿರ್ರೋ ಎಂಬ ಕೀರಲು. ಹುಡುಕಲು ಸುಲಭವಾಗಲೆಂದು, ಒಂದು ಟೇಪಿನಲ್ಲಿ ಯಜಮಾನರು ಪ್ರತಿ ಪ್ರೋಗ್ರಾಮಿಗೂ ಮೊದಲು ಅದರ ಹೆಸರನ್ನು ತಮ್ಮ ದನಿಯಲ್ಲಿ ಹೇಳಿಟ್ಟಿದ್ದರು. ಕಂಪ್ಯೂಟರಿಗೆ ವೈರು ಚುಚ್ಚಿದರೆ ಟೇಪ್ ರೆಕಾರ್ಡರಿನ ಸದ್ದು ನಿಂತುಹೋಗುತ್ತಿತ್ತು. ಅದಕ್ಕೇ ಟೀಚರ್ ಆ ದನಿ ಮುಗಿಯುವ ತನಕ ವೈರು ಕೈಯಲ್ಲೇ ಹಿಡಿದು ಕೂತಿರುತ್ತಿದ್ದರು. ಏಕೆಂದು ನನಗೆ ಹೊಳೆದಿರಲಿಲ್ಲ.

ಒಂದು ಶನಿವಾರ ಅವರು ಚರ್ಚಿಗೆ ಹೋಗಿದ್ದಾಗ ನಾನೇ ಒಂದು ಪ್ರೋಗ್ರಾಂ ಬರೆದೆ. ಹೆಸರು ಕೇಳಿ, ಆ ಹೆಸರಿಗೆ ಹಲೋ ಹೇಳುವಂಥದ್ದು. ಖುಷಿಯಲ್ಲಿ ಕೈಗೆ ಸಿಕ್ಕ ಟೇಪಿನ ಮೇಲೆ ತುಂಬಿಟ್ಟೆ. ಸರಿಯಾಗಿ ಕೂತಿತೋ ಇಲ್ಲವೋ ಎಂದು ಮತ್ತೆ ಮತ್ತೆ ತುಂಬಿದೆ, ಆ ಬದಿ ಮುಗಿಯುವ ತನಕ.

ಟೀಚರ್ ಬಂದು ಯಜಮಾನರ ದನಿಯ ಟೇಪು ಹಾಕಿದರು. ವೈರು ಹಿಡಿದು ಕಾದರು. ಕೀರಲು ಸದ್ದು ಬಂತು. ಮುಂದಕ್ಕೆ ಓಡಿಸಿದರು, ಅಲ್ಲೂ ಅದೇ. ಅವರ ಮುಖ ನೋಡಿದಾಗಲೇ ನನಗೆ ಅರ್ಥವಾದದ್ದು.

"ಟೀಚರ್, ನಾನೇ ಅಳಿಸ್ಬಿಟ್ಟೆ," ಎಂದೆ.

ಆ ದನಿ ಬೇರೆ ಟೇಪಿನಲ್ಲಿದೆಯಾ ಎಂದು ನಾನು ಕೇಳಿದ್ದಕ್ಕೆ ತಲೆಯಾಡಿಸಿದರು, ಇಲ್ಲವೆಂದು. ಟೇಪನ್ನು ಹಿಂದಕ್ಕೆ ಸುತ್ತಿ, "ಅಳ್ಬೇಡ ಮಾ. ನೀನು ಬರ್ದಿದ್ದು ಲೋಡ್ ಆಗುತ್ತಾ ನೋಡೋಣ," ಎಂದು ವೈರು ಚುಚ್ಚಿದರು.

ಪರದೆ ಹೆಸರು ಕೇಳಿತು. ಟೀಚರ್ ಒಂದೊಂದೇ ಅಕ್ಷರ ಒತ್ತಿ ಯಜಮಾನರ ಹೆಸರು ಬರೆದರು. ಟೀವಿ ಅವರಿಗೆ ಹಲೋ ಹೇಳಿತು. ಟೀಚರ್ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

ಆಮೇಲೂ ಕಲಿಸಿದರು, ಒಂದು ಕಟುಮಾತೂ ಆಡದೆ. ಬೈದಿದ್ದರೆ ಚೆನ್ನಾಗಿತ್ತು... ಕೆಲವು ವರ್ಷಗಳ ನಂತರ ತಂಗಿಯ ಊರಿಗೆ ಹೋದರು. ಅಲ್ಲೇ ತೀರಿಕೊಂಡರೆಂದು ಸುದ್ದಿ ಬಂತು.

ಆ ದನಿಯನ್ನು ಎಷ್ಟೋ ಶನಿವಾರ ಕೇಳಿದವಳು ನಾನು. ಈಗ ಅದನ್ನು ನೆನಪಿಸಿಕೊಳ್ಳಬೇಕಾದವಳೂ ನಾನೊಬ್ಬಳೇ. ಎಷ್ಟು ಪ್ರಯತ್ನಪಟ್ಟರೂ ಹೇಗಿತ್ತೆಂದು ನೆನಪಾಗುತ್ತಿಲ್ಲ.